ಕಲಬುರಗಿಯಿಂದ ಕನ್ಯಾಕುಮಾರಿಗೆ ಬೈಕಿನಲ್ಲಿ: ಮೈಸೂರಿನ ವಿಶ್ರಾಂತಿ ದಿನವನ್ನು ಹೇಗೆ ಕಳೆಯಬೇಕು?

ತೊಗರಿನಾಡಿನವಳು

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿ ಮುಗಿದ ಮೇಲೆ ನಾನೂ ನಮ್ಮ ಮನೆಯವರೂ ಕಲಬುರಗಿಯಿಂದ ಕನ್ಯಾಕುಮಾರಿಗೆ ಬೈಕಿನಲ್ಲಿ ಹೊರಟಿದ್ದೇವೆ. ಜೇವರ್ಗಿಯಿಂದ 150ಎ ಹೆದ್ದಾರಿ ಹಿಡಿದು ಬಳ್ಳಾರಿ, ಹಿರಿಯೂರು, ನಾಗಮಂಗಲ, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಬಂದು, ಅಲ್ಲಿ ಒಂದು ದಿನ ಉಳಿದು, ಬಳಿಕ ಚಾಮರಾಜನಗರ ದಾಟಿ ದಿಂಬಂ ಘಾಟಿಯಲ್ಲಿ ತಮಿಳುನಾಡಿಗೆ ಇಳಿಯುವುದೆಂದು ತೀರ್ಮಾನವಾಗಿದೆ. ದಾರಿಯ ಬಗ್ಗೆ ನಮ್ಮಿಬ್ಬರಲ್ಲಿ ತಕರಾರಿಲ್ಲ. ತಕರಾರು ಇರುವುದು ಆ ಒಂದು ದಿನದ ಬಗ್ಗೆ.

ನಮ್ಮ ಮನೆಯವರು ಒಂದು ಪಟ್ಟಿ ಬರೆದಿದ್ದಾರೆ. ಬೆಳಿಗ್ಗೆ ಚಾಮುಂಡಿ ಬೆಟ್ಟ, ಹತ್ತು ಗಂಟೆಗೆ ಅರಮನೆ, ನಂತರ ಮೃಗಾಲಯ, ಊಟವಾದ ಮೇಲೆ ಶ್ರೀರಂಗಪಟ್ಟಣದ ದರಿಯಾ ದೌಲತ್, ಸಂಜೆ ಕನ್ನಂಬಾಡಿಯ ಬೃಂದಾವನ, ಇವುಗಳ ನಡುವೆ ಎಲ್ಲಾದರೂ ಬೈಕಿನ ಸರ್ವಿಸ್. ಇದಕ್ಕೆ ಅವರು ‘ವಿಶ್ರಾಂತಿ ದಿನ’ ಎಂದು ಹೆಸರಿಟ್ಟಿದ್ದಾರೆ. ಆ ದಿನ ನಾನು ಬೈಕಿನ ಮೇಲೆ ಕೂರುವುದೇ ಇಲ್ಲ ಎಂದು ಹೇಳಿದ್ದಕ್ಕೆ, ಹಿಂದೆ ಸುಮ್ಮನೆ ಕೂರುವವಳಿಗೆ ಎಂಥ ಆಯಾಸ ಎಂದು ಕೇಳಿದರು. ಮೈಸೂರು, ಮಂಡ್ಯದವರು ಇದನ್ನು ಇತ್ಯರ್ಥ ಮಾಡಿಕೊಡಬೇಕು. ವಾರದ ಯಾವ ದಿನ ಉಳಿದರೆ ಒಳ್ಳೆಯದು ಎಂಬುದನ್ನೂ ತಿಳಿಸಿ.

ಹಿಂಬದಿ ಸೀಟು

ಅಕ್ಕ, ಹಿಂದೆ ಕೂರುವವರಿಗೇ ಹೆಚ್ಚು ಆಯಾಸವೆಂದು ನಿಮ್ಮ ಮನೆಯವರಿಗೆ ಧೈರ್ಯವಾಗಿ ಹೇಳಿ. ಓಡಿಸುವವರಿಗೆ ಹಿಡಿದುಕೊಳ್ಳಲು ಹ್ಯಾಂಡಲ್ ಇರುತ್ತದೆ, ಮುಂದೆ ಬರುವ ಹಂಪ್ ಕಾಣುತ್ತದೆ, ಆದ್ದರಿಂದ ಅವರ ಸೊಂಟ ಮೊದಲೇ ಬಿಗಿಯಾಗಿ ಏಟಿಗೆ ಸಿದ್ಧವಾಗಿರುತ್ತದೆ. ನಮಗೆ ಕಾಣುವುದು ಅವರ ಹೆಲ್ಮೆಟ್ಟಿನ ಹಿಂಭಾಗ ಮಾತ್ರ. ಹಂಪ್ ಬಂದದ್ದು ಬೆನ್ನುಮೂಳೆಗೆ ಬಿದ್ದ ಮೇಲೆಯೇ ತಿಳಿಯುತ್ತದೆ. ಬ್ರೇಕ್ ಹಾಕಿದಾಗಲೆಲ್ಲ ಮುಂದಕ್ಕೆ ಜಾರದಂತೆ ತೊಡೆಯಲ್ಲಿ ತಡೆದುಕೊಳ್ಳುವುದು ಬೇರೆ. ಇಳಿದ ಕೂಡಲೇ ಮೊಣಕಾಲು ಮಡಚಿದಂತೆಯೇ ಇರುತ್ತದಲ್ಲ, ಅದನ್ನು ಒಮ್ಮೆ ಅವರಿಗೆ ತೋರಿಸಿ.

ಸಕ್ಕರೆನಾಡಿನ ಸವಾರ

ಮಂಡ್ಯ ಜಿಲ್ಲೆಯವನಾಗಿ ಹೇಳುತ್ತೇನೆ, ನೀವು ಮೈಸೂರಿನವರೆಗೆ ಹೋಗಬೇಕಾಗಿಯೇ ಇಲ್ಲ. ನಾಗಮಂಗಲ ದಾಟಿದ ಮೇಲೆ ಮೇಲುಕೋಟೆಗೆ ತಿರುಗಿಕೊಳ್ಳಿ. ಚೆಲುವನಾರಾಯಣನ ದರ್ಶನವಾಗುತ್ತದೆ, ಕಲ್ಯಾಣಿಯ ಮೆಟ್ಟಿಲ ಮೇಲೆ ಸಂಜೆ ಕೂರಬಹುದು, ಪುಳಿಯೋಗರೆಯಂತೂ ಇದ್ದೇ ಇದೆ. ನಗರದ ಗದ್ದಲದಲ್ಲಿ ವಿಶ್ರಾಂತಿ ಹುಡುಕುವುದು ವ್ಯರ್ಥ.

ಯಾದವಗಿರಿ ಹಳಬ

ಮೇಲುಕೋಟೆ ಸುಂದರವಾದ ಊರು, ಒಪ್ಪುತ್ತೇನೆ. ಆದರೆ ಯೋಗಾನರಸಿಂಹನ ಬೆಟ್ಟ ಹತ್ತದೆ ಬಂದರೆ ಊರಿನಲ್ಲಿ ಅತ್ತೆಯವರು ಕೇಳುತ್ತಾರೆ, ಹತ್ತಿದರೆ ಮರುದಿನ ತೊಡೆ ಕೇಳುತ್ತದೆ. ಮೇಲಾಗಿ ಬೈಕಿಗೆ ಏನಾದರೂ ಬಿಡಿಭಾಗ ಬೇಕಾದರೆ ಅಲ್ಲಿಂದ ಮೈಸೂರಿಗೆ ಸುಮಾರು 50 ಕಿ.ಮೀ. ಬರಲೇಬೇಕು. ದೂರದ ಪ್ರಯಾಣದ ನಡುವೆ ಉಳಿಯುವ ಊರಿನಲ್ಲಿ ಗ್ಯಾರೇಜು, ಔಷಧಿ ಅಂಗಡಿ, ಬಿಸಿನೀರು ಬರುವ ಕೋಣೆ ಮೂರೂ ನಡೆದು ಹೋಗುವ ದೂರದಲ್ಲಿರಬೇಕು. ಉಳಿದ ಸೌಂದರ್ಯವೆಲ್ಲ ಆಮೇಲಿನದು.

ನಂಜನಗೂಡಿನವ

ನನಗೆ ಅರ್ಥವಾಗದ ಸಂಗತಿಯೆಂದರೆ, ಮೈಸೂರು ಬರುವ ಹೊತ್ತಿಗೆ ಇವರು ಇನ್ನೂ ಕರ್ನಾಟಕದಲ್ಲೇ ಇರುತ್ತಾರೆ. ಇಷ್ಟು ಬೇಗ ಒಂದು ದಿನವನ್ನು ಖರ್ಚು ಮಾಡುವ ಬದಲು ಮದುರೆಯಲ್ಲಿ ಉಳಿದರೆ ಆಗುವುದಿಲ್ಲವೇ? ಮೈಸೂರನ್ನು ಹಿಂತಿರುಗುವಾಗ ನಿಧಾನವಾಗಿ ನೋಡಬಹುದು.

ಸ್ಪ್ಯಾನರ್ ಸ್ವಾಮಿ

ನಂಜನಗೂಡಿನವರೇ, ಹಿಂತಿರುಗುವಾಗ ಯಾರೂ ನಿಲ್ಲುವುದಿಲ್ಲ. ಆಗ ಎಲ್ಲರಿಗೂ ಮನೆ ಕಂಡಂತಾಗಿರುತ್ತದೆ, ರಜೆಯೂ ಮುಗಿಯುತ್ತ ಬಂದಿರುತ್ತದೆ. ಗ್ಯಾರೇಜು ನಡೆಸುವವನ ಲೆಕ್ಕದಲ್ಲಿ ಮೈಸೂರೇ ಸರಿಯಾದ ಜಾಗ. ಮನೆಯಿಂದ ಹೊರಡುವ ಮುನ್ನ ಸರ್ವಿಸ್ ಮಾಡಿಸಿದ ಬೈಕಿನಲ್ಲಿ ಏನಾದರೂ ಸಡಿಲವಾಗುವುದಿದ್ದರೆ ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲೇ ಆಗುತ್ತದೆ. ಮುಂದೆ ದಿಂಬಂನ 27 ತಿರುವುಗಳನ್ನು ಇಳಿಯುವುದಕ್ಕೆ ಮೊದಲು ಅದು ಗೊತ್ತಾಗಬೇಕು.

ಆದರೆ ಸರ್ವಿಸ್ ಎಂದು ಅರ್ಧ ದಿನ ಗ್ಯಾರೇಜಿನ ಬೆಂಚಿನ ಮೇಲೆ ಕೂರಬೇಡಿ. ಚೈನಿನ ಕೆಲಸವನ್ನು ಊರು ತಲುಪಿದ ಸಂಜೆಯೇ, ಲಾಡ್ಜಿನ ಅಂಗಳದಲ್ಲೇ ಮುಗಿಸಿ. ಓಡಿ ಬಂದ ಚೈನು ಇನ್ನೂ ಬೆಚ್ಚಗಿರುವಾಗ ಲ್ಯೂಬ್ ಸಂದುಗಳಿಗೆ ಚೆನ್ನಾಗಿ ಇಳಿಯುತ್ತದೆ, ರಾತ್ರಿಯೆಲ್ಲ ನಿಂತರೆ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಹೊರಡುವಾಗ ಸಿಂಪಡಿಸಿದರೆ ಅರ್ಧ ಲ್ಯೂಬ್ ಹಿಂದಿನ ಚಕ್ರದ ರಿಮ್ಮಿಗೂ ಅಕ್ಕನವರ ಪ್ಯಾಂಟಿಗೂ ಹಾರುತ್ತದೆ. ಟೈರಿನ ಗಾಳಿಯನ್ನು ಮಾತ್ರ ಬೆಳಿಗ್ಗೆ, ಟೈರು ತಣ್ಣಗಿರುವಾಗ ನೋಡಿ. ಇಬ್ಬರು ಕೂತಾಗ ಎಷ್ಟಿರಬೇಕೆಂಬ ಅಂಕಿ ಬೇರೆಯೇ ಇರುತ್ತದೆ, ಬಹುತೇಕ ಬೈಕುಗಳಲ್ಲಿ ಅದನ್ನು ಸ್ಟಿಕ್ಕರಿನಲ್ಲೇ ಬರೆದಿರುತ್ತಾರೆ.

ಸಕ್ಕರೆನಾಡಿನ ಸವಾರ

ಚೈನಿಗೆ ಪೆಟ್ರೋಲ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರೆ ಹೊಸದರಂತೆ ಹೊಳೆಯುತ್ತದೆ, ಖರ್ಚೂ ಕಡಿಮೆ.

ಸ್ಪ್ಯಾನರ್ ಸ್ವಾಮಿ

ಹೊಳೆಯುತ್ತದೆ, ಬೇಗ ಸಾಯುತ್ತದೆ ಕೂಡ. ಈಗಿನ ಬೈಕುಗಳಲ್ಲಿ ಬಹಳಷ್ಟು ಓ-ರಿಂಗ್ ಚೈನುಗಳು. ಪೆಟ್ರೋಲು ಆ ರಬ್ಬರಿನ ಬಳೆಗಳನ್ನು ಒಣಗಿಸಿ ಒಡೆಯುತ್ತದೆ, ಒಳಗಿನ ಗ್ರೀಸು ಹೋಗುತ್ತದೆ. ಸೀಮೆಎಣ್ಣೆ ಸಿಕ್ಕಿದರೆ ಅದು, ಇಲ್ಲವಾದರೆ ಚೈನ್ ಕ್ಲೀನರ್. ಇನ್ನೊಂದು ಮಾತು. ಎಂಜಿನ್ ಚಾಲೂ ಇಟ್ಟು, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರನ್ನು ಈಗಲೂ ನೋಡುತ್ತೇನೆ. ಬಟ್ಟೆ ಸ್ಪ್ರಾಕೆಟ್ಟಿಗೆ ಸಿಕ್ಕಿದರೆ ಬೆರಳೂ ಹಿಂದೆಯೇ ಹೋಗುತ್ತದೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಕುಕ್ಕರಹಳ್ಳಿ ನಡಿಗೆ

ಯಾವ ದಿನ ಎಂಬ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಭಾನುವಾರ ಸಂಜೆಯೊಳಗೆ ಮೈಸೂರು ತಲುಪಿ, ಸೋಮವಾರ ಉಳಿದು, ಮಂಗಳವಾರ ಬೆಳಿಗ್ಗೆ ಹೊರಡಿ. ಅರಮನೆಗೆ ಪೂರ್ತಿ ದೀಪ ಹಾಕುವುದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ಏಳು ಗಂಟೆಗೆ, ಅದೂ ಮುಕ್ಕಾಲು ಗಂಟೆ ಮಾತ್ರ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು ಒಟ್ಟಿಗೇ ಹತ್ತಿಕೊಳ್ಳುವ ಆ ಕ್ಷಣವನ್ನು ನೋಡಬೇಕಾದರೆ ಹತ್ತು ನಿಮಿಷ ಮೊದಲೇ ಅಂಗಳದಲ್ಲಿ ನಿಂತಿರಬೇಕು. ಭಾನುವಾರ ಬಹಳಷ್ಟು ಗ್ಯಾರೇಜುಗಳಿಗೆ ರಜೆ, ಸೋಮವಾರ ತೆರೆದಿರುತ್ತವೆ. ಮೃಗಾಲಯಕ್ಕೆ ಮಂಗಳವಾರ ರಜೆ.

ಅರಮನೆಯ ಒಳಗೆ ಹೋಗುವುದಾದರೆ ಸೋಮವಾರ ಚಪ್ಪಲಿ ಹಾಕಿಕೊಂಡು ಹೋಗಿ. ಪಾದರಕ್ಷೆಯನ್ನು ಹೊರಗೆ ಬಿಡಬೇಕು. ಮೊಣಕಾಲಿನವರೆಗೆ ಪಟ್ಟಿ ಇರುವ ರೈಡಿಂಗ್ ಬೂಟನ್ನು ಸಾಲಿನಲ್ಲಿ ನಿಂತು ಬಿಚ್ಚುವಾಗ ಹಿಂದಿರುವ ಇಡೀ ಶಾಲಾ ಪ್ರವಾಸ ನಿಮ್ಮನ್ನು ದಾಟಿ ಹೋಗುತ್ತದೆ.

ಪಾಂಡವಪುರದ ಪಯಣಿಗ

ಬೆಂಗಳೂರು ಕಡೆಯಿಂದ ಬರುವುದಾಗಿದ್ದರೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಇನ್ನೂ ಬೇಗ ತಲುಪಬಹುದಿತ್ತು.

ಯಾದವಗಿರಿ ಹಳಬ

ತಲುಪುವುದು ದಂಡ ಕಟ್ಟುವ ಜಾಗಕ್ಕೆ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಇವರು ಬರುವುದು ನಾಗಮಂಗಲದ ಕಡೆಯಿಂದ. ಆದರೂ ಶ್ರೀರಂಗಪಟ್ಟಣದಲ್ಲಿ ಹೆದ್ದಾರಿ ಸೇರುವಾಗ ಫಲಕ ನೋಡಿಕೊಂಡೇ ಬನ್ನಿ, ನಕ್ಷೆ ತೋರಿಸಿತೆಂದು ನುಗ್ಗಬೇಡಿ.

ಹಿಂಬದಿ ಸೀಟು

ಅಕ್ಕ, ಇವರು ಮತ್ತೆ ರಸ್ತೆಯ ವಿಷಯಕ್ಕೇ ಹೋದರು. ನಾನು ನಿಮಗೆ ಒಂದು ಗುಟ್ಟು ಹೇಳುತ್ತೇನೆ. ವಿಶ್ರಾಂತಿ ದಿನದ ಮೊದಲರ್ಧವನ್ನು ಗಂಡ ಹೆಂಡತಿ ಬೇರೆ ಬೇರೆಯಾಗಿಯೇ ಕಳೆಯಬೇಕು. ಬೈಕಿನ ಮೇಲೆ ದಿನವಿಡೀ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿರುತ್ತೇವೆ, ಆದರೆ ಗಾಳಿಯ ಸದ್ದಿನಲ್ಲಿ ಮಾತಾಡಲು ಆಗುವುದಿಲ್ಲ. ‘ನೀರು ಬೇಕು’ ಎಂದದ್ದು ಅವರಿಗೆ ‘ಜೋರು ಬೇಕು’ ಎಂದು ಕೇಳಿಸುತ್ತದೆ. ಆಡದೆ ಉಳಿದ ಮಾತುಗಳೆಲ್ಲ ಲಾಡ್ಜಿನ ಕೋಣೆಯಲ್ಲಿ, ಒದ್ದೆ ಸಾಕ್ಸು ಎಲ್ಲಿ ಹರವಬೇಕೆಂಬ ನೆಪದಲ್ಲಿ ಹೊರಬರುತ್ತವೆ. ನಮ್ಮ ಮನೆಯಲ್ಲಿ ಈಗ ನಿಯಮವೇ ಆಗಿದೆ. ಅವರು ಬೈಕಿನ ಹತ್ತಿರ, ನಾನು ಊರಿನೊಳಗೆ, ಊಟಕ್ಕೆ ಭೇಟಿ.

ನಿವೃತ್ತ ಮೇಷ್ಟ್ರು

ತಾಯಿ, ತಮ್ಮ ಸಲಹೆ ನನಗೆ ವಿಚಿತ್ರವಾಗಿ ಕಂಡಿತು. ಜೊತೆಯಾಗಿ ಹೊರಟ ದಂಪತಿ ಅಪರಿಚಿತ ಊರಿನಲ್ಲಿ ಬೇರೆ ಬೇರೆ ದಾರಿ ಹಿಡಿಯುವುದೆಂದರೆ, ಆ ಪ್ರವಾಸದ ಉದ್ದೇಶವೇನು? ಸಂಸಾರದಲ್ಲಿ ಒಟ್ಟಿಗೇ ಬಿಡುವು ಸಿಗುವುದು ಅಪರೂಪ. ಅದನ್ನೂ ಹಂಚಿಕೊಂಡು ತಿನ್ನುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಹಿಂಬದಿ ಸೀಟು

ಮೇಷ್ಟ್ರೇ, ನಿಮ್ಮ ಮಾತಿಗೆ ಗೌರವವಿದೆ. ಆದರೆ ನೀವು ನಿಮ್ಮ ಮನೆಯವರೊಂದಿಗೆ ಕಾರಿನಲ್ಲಿ ಹೋಗಿರುತ್ತೀರಿ. ಕಾರಿನಲ್ಲಿ ಮುನಿಸಿಕೊಂಡರೆ ಕಿಟಕಿಯ ಕಡೆ ತಿರುಗಿ ಕೂರಬಹುದು. ಬೈಕಿನಲ್ಲಿ ಮುನಿಸಿಕೊಂಡರೂ ಅವರದೇ ಸೊಂಟ ಹಿಡಿದು ಕೂರಬೇಕು. ಊಟದ ಹೊತ್ತಿಗೆ ಮತ್ತೆ ಸೇರಿದಾಗ ಇಬ್ಬರ ಬಳಿಯೂ ಹೇಳಲು ಏನಾದರೂ ಹೊಸದು ಇರುತ್ತದೆ, ಅದೇ ಲಾಭ.

ಕುಕ್ಕರಹಳ್ಳಿ ನಡಿಗೆ

ಅರ್ಧ ದಿನ ಒಬ್ಬರೇ ಇರುವ ಹೆಂಗಸರಿಗೆ ಮೈಸೂರಿನಷ್ಟು ಸಲೀಸಾದ ಊರು ಕಡಿಮೆ. ಬೆಳಿಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಧಾನವಾಗಿ ನಡೆಯಿರಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆರೆ ಅದು, ಕುವೆಂಪು ಅವರು ನಡೆದಾಡುತ್ತಿದ್ದ ದಾರಿ. ಬೈಕಿನಲ್ಲಿ ಬಿಗಿದ ಸೊಂಟಕ್ಕೂ ಹಿಮ್ಮಡಿಗೂ ಸಮತಟ್ಟಾದ ಮಣ್ಣಿನ ದಾರಿಯ ನಡಿಗೆಗಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಹಾಸಿಗೆಯಲ್ಲೇ ದಿನವಿಡೀ ಮಲಗಿದರೆ ಬಿಗಿತ ಹೆಚ್ಚುತ್ತದೆ.

ತಿಂಡಿಯಾದ ಮೇಲೆ ಚಿಕ್ಕ ಗಡಿಯಾರದ ಪಕ್ಕದ ದೇವರಾಜ ಮಾರುಕಟ್ಟೆಗೆ ಹೋಗಿ. ಕುಂಕುಮ, ಅರಿಸಿನ, ನೇರಳೆ ಬಣ್ಣದ ರಂಗೋಲಿ ಪುಡಿಗಳನ್ನು ಗೋಪುರದಂತೆ ಒಟ್ಟಿರುವ ಸಾಲು, ಅದರಾಚೆ ಮೊಳದ ಲೆಕ್ಕದಲ್ಲಿ ಅಳೆದು ಕೊಡುವ ಹೂವಿನ ಸಾಲು. ಹೂವಿನವರು ಮೊಳವನ್ನು ತಮ್ಮ ಕೈಯಲ್ಲೇ ಅಳೆಯುತ್ತಾರೆ, ಆದ್ದರಿಂದ ಉದ್ದ ತೋಳಿನವರ ಅಂಗಡಿ ಹುಡುಕಿ. ಕೊಂಡದ್ದನ್ನು ಬೈಕಿನಲ್ಲಿ ಎಲ್ಲಿಡುತ್ತೀರಿ ಎಂಬುದನ್ನು ಮಾತ್ರ ಮೊದಲೇ ಯೋಚಿಸಿ.

ಸಕ್ಕರೆನಾಡಿನ ಸವಾರ

ಬಸ್ಸಿನ ವಿಷಯ ಮರೆತಿರಿ. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಆಧಾರ್ ತೋರಿಸಿದರೆ ಸಾಕು. ಅಕ್ಕನವರು ಚಾಮುಂಡಿ ಬೆಟ್ಟಕ್ಕೂ ಕನ್ನಂಬಾಡಿಗೂ ನಗರ ಬಸ್ ನಿಲ್ದಾಣದಿಂದ ಪುಕ್ಕಟೆಯಾಗಿ ಹೋಗಿಬರಬಹುದು. ಯಜಮಾನರು ಜೊತೆಗೆ ಬರುವುದಾದರೆ ಟಿಕೆಟ್ ತೆಗೆದುಕೊಳ್ಳಲಿ.

ತೊಗರಿನಾಡಿನವಳು

ಬಸ್ಸಿನ ಸಲಹೆ ನನಗೆ ಬಹಳ ಹಿಡಿಸಿತು. ಪಟ್ಟಿಯಲ್ಲಿರುವ ಜಾಗಗಳನ್ನು ನೋಡಲು ನನ್ನ ವಿರೋಧವಿಲ್ಲ, ಅವುಗಳ ನಡುವೆ ಪ್ರತಿ ಸಲ ಹೆಲ್ಮೆಟ್ ಹಾಕಿ ತೆಗೆದು, ಜಾಕೆಟ್ ಬಿಚ್ಚಿ ತೊಟ್ಟು, ಬೈಕು ಎಲ್ಲಿ ನಿಲ್ಲಿಸುವುದೆಂದು ಹುಡುಕುವುದಕ್ಕೆ ನನ್ನ ವಿರೋಧ. ಬೇರೆ ಬೇರೆಯಾಗಿ ಕಳೆಯುವ ವಿಷಯವನ್ನು ಅವರಿಗೆ ಇನ್ನೂ ಹೇಳಿಲ್ಲ. ಆದರೆ ಅವರು ಈ ಚರ್ಚೆಯನ್ನು ಕದ್ದು ಓದುತ್ತಿದ್ದಾರೆಂದು ನನಗೆ ಗುಮಾನಿ.

ತೊಗರಿನಾಡಿನವಳ ಮನೆಯವರು

ಕದ್ದು ಓದುತ್ತಿಲ್ಲ, ಬಹಿರಂಗವಾಗಿಯೇ ಓದುತ್ತಿದ್ದೇನೆ. ಉತ್ತರ ಕೊಡಲೆಂದೇ ಖಾತೆ ತೆರೆದೆ. ಎಲ್ಲರೂ ಒಂದೇ ಕಡೆಯ ವಾದ ಕೇಳಿ ತೀರ್ಪು ಕೊಟ್ಟಿದ್ದೀರಿ. ನಾವು ಮೈಸೂರು ನೋಡಿ ಬಹಳ ಕಾಲವಾಗಿದೆ. ಮತ್ತೆ ಯಾವಾಗ ಬರುತ್ತೇವೋ ತಿಳಿಯದು. ಬಂದ ಮೇಲೆ ಕೋಣೆಯಲ್ಲಿ ಮಲಗಿ ಎದ್ದು ಹೋದರೆ ಊರಿನಲ್ಲಿ ಏನೆಂದು ಹೇಳಲಿ? ಪಟ್ಟಿಯಲ್ಲಿ ಯಾವುದನ್ನು ಬಿಡಬೇಕೆಂದು ಮೈಸೂರಿನವರೇ ಹೇಳಿ, ಬಿಡುತ್ತೇನೆ. ಗ್ಯಾರೇಜಿನಲ್ಲಿ ಒಬ್ಬನೇ ಇರಲು ನನ್ನ ತಕರಾರೇನೂ ಇಲ್ಲ.

ಯಾದವಗಿರಿ ಹಳಬ

ಬಿಡಬೇಕಾದದ್ದು ಬೃಂದಾವನ, ಸರ್. ಸಂಜೆ ದೀಪ ಮತ್ತು ಕಾರಂಜಿ ನೋಡಿ ಕನ್ನಂಬಾಡಿಯಿಂದ ಸುಮಾರು 20 ಕಿ.ಮೀ. ಕತ್ತಲಲ್ಲಿ ವಾಪಸು ಬಂದು, ಮರುದಿನ ನಸುಕಿನಲ್ಲಿ ಘಾಟಿಗೆ ಹೊರಡುವುದೆಂದರೆ ಆ ದಿನದ ನಿದ್ದೆಗೇ ಕತ್ತರಿ. ಅಣೆಕಟ್ಟು ಎಲ್ಲಿಗೂ ಹೋಗುವುದಿಲ್ಲ. ಶ್ರೀರಂಗಪಟ್ಟಣವನ್ನು ಭಾನುವಾರ ಬರುವ ದಾರಿಯಲ್ಲೇ ಮುಗಿಸಿ, ಅದಕ್ಕಾಗಿ ಸೋಮವಾರ ಹಿಂದಕ್ಕೆ ಹೋಗುವುದು ಬೇಡ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ತಿನ ಗೋಡೆಚಿತ್ರಗಳನ್ನು ನೋಡಿ, ತೋಟದ ನೆರಳಿನಲ್ಲಿ ಕಾಲು ಚಾಚಿ ಕೂತು ಬನ್ನಿ.

ನೀವು ಬೈಕಿನವರಾದ್ದರಿಂದ ಒಂದು ಪಕ್ಕದ ಮಾತು. ನಮ್ಮ ಊರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಬೈಕುಗಳನ್ನು ತಯಾರಿಸಿತು. ಕಿಕ್ ಹೊಡೆಯುವ ಕಡ್ಡಿಯನ್ನೇ ಮಡಚಿದರೆ ಗೇರಿನ ಕಡ್ಡಿಯಾಗುವ ಆ ಗಾಡಿಗಳು ಈಗಲೂ ಮೈಸೂರಿನ ಬೀದಿಗಳಲ್ಲಿ ಸಿಗುತ್ತವೆ. ಬೆಳಗಿನ ಹೊತ್ತು ಕಾಫಿ ಕುಡಿಯುತ್ತ ಹೋಟೆಲಿನ ಮುಂದೆ ನಿಂತಿರಿ. ಹೊಗೆ ಬಿಡುತ್ತ ಒಂದಾದರೂ ಬಾರದಿದ್ದರೆ ಕೇಳಿ.

ನಂಜನಗೂಡಿನವ

ಹಳಬರು ಜಾವಾಕ್ಕೆ ಬಂದರು. ಇನ್ನು ಈ ಚರ್ಚೆ ಅದೇ ಕಾರ್ಖಾನೆಯ ಯೆಜ್ಡಿ ಬೈಕಿನ ಸೈಲೆನ್ಸರಿನಲ್ಲೇ ಮುಗಿಯುತ್ತದೆ.

ಪಾಂಡವಪುರದ ಪಯಣಿಗ

ಬರುವ ದಾರಿಯಲ್ಲೇ ಎನ್ನುವುದಾದರೆ ದರಿಯಾ ದೌಲತ್ತಿಗಿಂತ ರಂಗನತಿಟ್ಟಿಗೆ ನನ್ನ ಮತ. 1940ರಿಂದ ಪಕ್ಷಿಧಾಮ, 2022ರಲ್ಲಿ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಜನವರಿ ಒಳ್ಳೆಯ ಕಾಲ. ದೋಣಿಯವರು ಹುಟ್ಟು ನಿಲ್ಲಿಸಿದಾಗ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಎಷ್ಟು ಹತ್ತಿರವಿರುತ್ತದೆಂದರೆ ಅದರ ಹಲ್ಲು ಎಣಿಸಬಹುದು. ಎಂಜಿನ್ನಿನ ಸದ್ದಿಲ್ಲದೆ ಒಂದಿಷ್ಟು ಹೊತ್ತು ಸಾಗುವುದೇ ಬೈಕಿನವರಿಗೆ ಒಂದು ವಿಶ್ರಾಂತಿ.

ನಿವೃತ್ತ ಮೇಷ್ಟ್ರು

ಚಾಮುಂಡಿ ಬೆಟ್ಟವನ್ನು ಮಾತ್ರ ಬಿಡಬಾರದು. ಸಾವಿರ ಮೆಟ್ಟಿಲು ಹತ್ತಿ ಹೋದರೆ ಮೈಗೂ ಮನಸ್ಸಿಗೂ ಹಿತ.

ಹಿಂಬದಿ ಸೀಟು

ಮೇಷ್ಟ್ರೇ, ಮರುದಿನ ದಿಂಬಂ ಇಳಿಯುವಾಗ ಪ್ರತಿ ತಿರುವಿನಲ್ಲೂ ತೊಡೆಯನ್ನು ಬಿಗಿಹಿಡಿಯಬೇಕಾದವಳು ಈ ಅಕ್ಕ. ಬಸ್ಸಿನಲ್ಲಿ ಮೇಲಕ್ಕೆ ಹೋಗಲಿ. ತೀರಾ ಆಸೆಯಿದ್ದರೆ, ದೊಡ್ಡದೇವರಾಜ ಒಡೆಯರ ಕಾಲದ ನಂದಿಯವರೆಗೆ ಮಾತ್ರ ಮೇಲಿನಿಂದ ಇಳಿದು ನೋಡಲಿ. ಅದೂ ಇಳಿಜಾರು, ಮೊಣಕಾಲು ಮಾತಾಡಿಸಿಕೊಂಡೇ ಇಳಿಯಬೇಕು.

ಕುಕ್ಕರಹಳ್ಳಿ ನಡಿಗೆ

ಸೋಮವಾರದ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಎರಡು ಗಂಟೆ ಮಲಗುವುದನ್ನು ಪಟ್ಟಿಯಲ್ಲಿ ಬರೆದೇ ಇಡಿ. ಬರೆಯದಿದ್ದರೆ ಆ ಜಾಗಕ್ಕೆ ಮೃಗಾಲಯ ಬಂದು ಕೂರುತ್ತದೆ. 1892ರಿಂದ ಇರುವ ಮೃಗಾಲಯ, ಚೆನ್ನಾಗಿಯೇ ಇದೆ, ಆದರೆ ಒಳಗೆ ನಡೆಯುವ ದೂರ ಬಹಳ. ಬೆಳಗಿನ ಕೆರೆ ನಡಿಗೆಯೋ ಮೃಗಾಲಯವೋ, ಎರಡರಲ್ಲಿ ಒಂದು.

ಬೆಳಿಗ್ಗೆ ಒಗೆದು ಹರವಿದರೆ ಜಾಕೆಟ್ಟಿನ ಒಳಪದರ, ಹೆಲ್ಮೆಟ್ಟಿನ ಮೆತ್ತೆ ಎರಡೂ ಸಂಜೆಗೆ ಒಣಗುತ್ತವೆ, ನೆರಳಿನಲ್ಲೇ ಹರವಿ. ಹೆಲ್ಮೆಟ್ಟಿನ ಗಾಜಿಗೆ ಅಂಟಿದ ಹುಳಗಳನ್ನು ಉಗುರಿನಲ್ಲಿ ಕೆರೆಯಬೇಡಿ, ಒದ್ದೆ ಬಟ್ಟೆಯನ್ನು ಅದರ ಮೇಲೆ ಹೊದಿಸಿ ಕಾಫಿ ಕುಡಿದು ಬನ್ನಿ. ಅಷ್ಟರಲ್ಲಿ ನೆನೆದು, ಒರೆಸಿದರೆ ಬಂದುಬಿಡುತ್ತವೆ, ಗಾಜಿಗೆ ಗೀರು ಬೀಳುವುದಿಲ್ಲ.

ತೊಗರಿನಾಡಿನವಳ ಮನೆಯವರು

ಒಪ್ಪಿದೆ. ಬೃಂದಾವನ, ಮೃಗಾಲಯ ಎರಡನ್ನೂ ಹೊಡೆದುಹಾಕಿದೆ. ಬೆಟ್ಟಕ್ಕೆ ಸಂಜೆ ಬಸ್ಸಿನಲ್ಲಿ ಇಬ್ಬರೂ ಹೋಗುತ್ತೇವೆ, ನನ್ನ ಟಿಕೆಟ್ ನಾನೇ ಕೊಳ್ಳುತ್ತೇನೆ. ಸ್ವಾಮಿಯವರಿಗೆ ಒಂದು ಪ್ರಶ್ನೆ. ಹಂಪ್ ಹಾರಿದಾಗ ಇವಳಿಗೆ ಅಷ್ಟು ಏಟು ಬೀಳುತ್ತದೆಂಬುದು ನಿಜವಾದರೆ, ಅದಕ್ಕೆ ಬೈಕಿನಲ್ಲೇ ಏನಾದರೂ ಪರಿಹಾರವಿದೆಯೇ?

ಸ್ಪ್ಯಾನರ್ ಸ್ವಾಮಿ

ಇದೆ, ಸರ್. ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಬಿಗಿ, ಎಷ್ಟಕ್ಕಿದೆ ಎಂದು ನೋಡಿದ್ದೀರಾ? ಷೋರೂಮಿನಿಂದ ಬಂದ ಬೈಕಿನಲ್ಲಿ ಅದು ಹೆಚ್ಚಾಗಿ ಒಬ್ಬರ ಭಾರಕ್ಕೆ ಹೊಂದಿಸಿದಂತೆಯೇ ಇರುತ್ತದೆ. ಇಬ್ಬರು ಕೂತು, ಮೇಲೆ ಎರಡು ಚೀಲ ಕಟ್ಟಿದಾಗ ಸ್ಪ್ರಿಂಗು ಮೊದಲೇ ಅರ್ಧ ಕುಸಿದಿರುತ್ತದೆ; ಹಂಪ್ ಬಂದರೆ ಇನ್ನು ಕುಸಿಯಲು ಜಾಗವಿಲ್ಲದೆ ತಳ ಹೊಡೆಯುತ್ತದೆ, ಆ ಏಟು ನೇರವಾಗಿ ಅಕ್ಕನವರ ಬೆನ್ನಿಗೆ. ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಕಾಲರ್ ಇರುತ್ತದೆ. ಬೈಕಿನ ಜೊತೆ ಕೊಟ್ಟ ಟೂಲ್ ಕಿಟ್ಟಿನಲ್ಲಿ ಕೊಕ್ಕೆಯಂಥ ಸ್ಪ್ಯಾನರ್ ಇದ್ದರೆ ಅದರಿಂದಲೇ ಹೆಚ್ಚಿಸಬಹುದು. ಎರಡು ಶಾಕ್ ಇರುವ ಬೈಕಾದರೆ ಎರಡೂ ಕಡೆ ಒಂದೇ ಮೆಟ್ಟಿಲಿಗೆ ನಿಲ್ಲಿಸಿ. ಭಾರದ ಚೀಲವನ್ನು ಹಿಂದಿನ ಕ್ಯಾರಿಯರಿನ ತುದಿಗೆ ಕಟ್ಟಬೇಡಿ, ಪಕ್ಕದ ಚೀಲಗಳ ತಳಕ್ಕೆ ಇಳಿಸಿ.

ಮೈಸೂರಿನವರೆಗೆ ಕಾಯಬೇಡಿ, ಇದನ್ನು ಕಲಬುರಗಿಯಲ್ಲೇ ಮಾಡಿ. ಮೈಸೂರಿನಲ್ಲಿ ಬ್ರೇಕ್ ಪ್ಯಾಡು, ಎಣ್ಣೆಯ ಮಟ್ಟ, ಚೈನಿನ ಬಿಗಿ, ಕ್ಲಚ್ ಕೇಬಲ್ಲಿನ ಸಡಿಲ, ಚೀಲ ಕಟ್ಟಿದ ಸ್ಟೇಗಳ ಬೋಲ್ಟುಗಳು, ಇಷ್ಟನ್ನು ನೋಡಿಸಿದರೆ ಒಂದು ಗಂಟೆಯ ಕೆಲಸ.

ತೊಗರಿನಾಡಿನವಳು

ಸ್ವಾಮಿಯವರೇ, ಇವರು ಈಗಷ್ಟೇ ಟಾರ್ಚ್ ಹಿಡಿದು ಕೆಳಗೆ ಹೋಗಿ ನೋಡಿ ಬಂದರು. ಕಾಲರ್ ಮೊದಲನೇ ಮೆಟ್ಟಿಲಿನಲ್ಲೇ ಇದೆಯಂತೆ. ನನಗೆ ಹೇಳಿದ್ದು ಇಷ್ಟೇ, ಊಟಕ್ಕೆ ಬಡಿಸು ಎಂದು.

ಹಿಂಬದಿ ಸೀಟು

ಬಡಿಸುವ ಮೊದಲು ಇನ್ನೊಮ್ಮೆ ಕೇಳಬೇಕಿತ್ತು, ಸುಮ್ಮನೆ ಕೂರುವವಳಿಗೆ ಎಂಥ ಆಯಾಸ ಎಂದು!

ಸಕ್ಕರೆನಾಡಿನ ಸವಾರ

ತಿಂಡಿಗೆ ನಜರ್‌ಬಾದಿನ ಬೆಣ್ಣೆ ದೋಸೆ ಎಂದು ಮೈಸೂರಿನವರು ಇನ್ನೂ ಹೇಳದಿರುವುದೇ ಆಶ್ಚರ್ಯ. ನಮ್ಮ ಕಡೆಯಿಂದ ಒಂದು ಮನವಿ ಮಾತ್ರ. ಮಂಡ್ಯ ಜಿಲ್ಲೆಯಲ್ಲಿ ಹಾದುಬರುವಾಗ ಕಬ್ಬಿನ ಗದ್ದೆಯ ಪಕ್ಕ ಹೊಗೆ ಕಂಡರೆ ನಿಲ್ಲಿ, ಆಲೆಮನೆ ಇರುತ್ತದೆ. ಕೇಳಿದರೆ ಬಿಸಿ ಬೆಲ್ಲ ಎಲೆಯ ಮೇಲೆ ಹಾಕಿ ಕೊಡುತ್ತಾರೆ. ದೋಸೆ ಆಮೇಲೆ.

ನಂಜನಗೂಡಿನವ

ಮಂಗಳವಾರದ ದಾರಿಯ ಬಗ್ಗೆ ಹೇಳುತ್ತೇನೆ, ಅದು ನಮ್ಮ ಕಡೆಯ ರಸ್ತೆ. ಚಾಮರಾಜನಗರದಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಿ; ಪುಣಜನೂರು ದಾಟಿದರೆ ಕಾಡು, ಹಾಸನೂರಿನ ಆಚೆ ದಿಂಬಂ. ಕಾಡಿನೊಳಗೆ ಚಿತ್ರ ತೆಗೆಯಲು ಇಳಿಯಬೇಡಿ, ಆನೆ ಓಡಾಡುವ ಜಾಗ. ಇಳಿಯುವಾಗ ಬ್ರೇಕನ್ನೇ ನಂಬದೆ ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲಿ ಬನ್ನಿ. ಕೆಳಗಿನಿಂದ ಬರುವ ಲಾರಿ ತಿರುವಿನಲ್ಲಿ ಇಡೀ ರಸ್ತೆಯನ್ನು ತೆಗೆದುಕೊಳ್ಳುತ್ತದೆ, ಹಾರ್ನ್ ಕೇಳಿದರೆ ತಿರುವಿನ ಮೊದಲೇ ನಿಂತು ಅದಕ್ಕೆ ದಾರಿ ಬಿಡಿ. ಅಕ್ಕನವರು ತಿರುವಿನಲ್ಲಿ ಹೆದರಿ ಎದುರು ಕಡೆಗೆ ವಾಲಬಾರದು, ಮುಂದಿರುವವರ ಹೆಗಲ ಮೇಲಿಂದ ತಿರುವಿನ ಒಳಗಡೆಗೆ ನೋಡುತ್ತಿದ್ದರೆ ಮೈ ತಾನಾಗಿ ಸರಿಯಾದ ಕಡೆ ಬಾಗುತ್ತದೆ. ಕೆಳಗೆ ಬಣ್ಣಾರಿ ಅಮ್ಮನ ಗುಡಿ ಬರುತ್ತದೆ. ಅಲ್ಲಿ ಗಾಡಿ ನಿಲ್ಲಿಸಿ, ಬ್ರೇಕು ತಣ್ಣಗಾಗುವವರೆಗೆ ಕೈಮುಗಿದು ಬನ್ನಿ.